ನೆರಳಿಗೆ ತಿರುಗಿದ ಕೂಸು

ಕಿವಿಯ ಅಚ್ಚು ತೆಗೆಯುವ ಮೊದಲು ಕೈ ಬೆಚ್ಚಗೆ ಮಾಡಿಕೊಳ್ಳಬೇಕು. ಇದನ್ನು ಯಾವ ತರಬೇತಿಯಲ್ಲೂ ಹೇಳಿಕೊಡುವುದಿಲ್ಲ. ತಣ್ಣನೆಯ ಬೆರಳು ಕಿವಿಗೆ ತಾಗಿದರೆ ಮುದುಕರು ಕೂಡ ತಲೆ ಎಳೆದುಕೊಳ್ಳುತ್ತಾರೆ. ಮಕ್ಕಳಂತೂ ಆ ದಿನವಿಡೀ ನಿಮ್ಮನ್ನು ಹತ್ತಿರ ಬಿಟ್ಟುಕೊಳ್ಳುವುದಿಲ್ಲ. ಎರಡೂ ಅಂಗೈ ಉಜ್ಜಿಕೊಂಡು, ಮೊದಲು ಅವರ ಭುಜ ಮುಟ್ಟಿ, ಆಮೇಲೆ ಕಿವಿಗೆ ಕೈ ಹಾಕಿ.

ಕಿವಿ ಕೇಳದವರಿಗೆ ಮಷಿನು ಕೊಡುವ ನಮ್ಮ ಕೇಂದ್ರಕ್ಕೆ ಹೊಸದಾಗಿ ಸೇರಿದ ಇಬ್ಬರು ಹೋದ ತಿಂಗಳು ಬೆಟಗೇರಿಯ ನನ್ನ ಮನೆಗೆ ಬಂದಿದ್ದರು. "ಸರ್, ನೀವು ಇಷ್ಟು ವರ್ಷ ಈ ಕೆಲಸ ಮಾಡೀರಿ. ನಮಗ ಉಪಯೋಗ ಆಗೂ ಹಂಗ ಏನರ ಬರದುಕೊಡ್ರಿ" ಎಂದರು. ಬಡ್ತಿ ಸಿಕ್ಕ ಕಥೆಯಿಂದ ನಿಮಗೇನೂ ಆಗಬೇಕಾಗಿಲ್ಲ. ಕೈಗೆ ಬಂದ ಕೆಲವು ಕಿವಿಗಳ ಬಗ್ಗೆ, ಮುಖ್ಯವಾಗಿ ಅಡರಕಟ್ಟಿಯ ಒಂದು ಕೂಸಿನ ಬಗ್ಗೆ ಬರೆಯುತ್ತೇನೆ. ಆ ಕೂಸಿನ ವಿಷಯದಲ್ಲಿ ತಪ್ಪು ಮಾಡಿದವನು ನಾನೇ.

ನನ್ನ ಹೆಸರು ಮಕ್ತುಂಸಾಬ ನದಾಫ. ತಂದೆ ಹತ್ತಿ ಹಿಂಜಿ ಗಾದಿ ಮಾಡುತ್ತಿದ್ದರು. ನಾನು ರೇಡಿಯೋ, ಟೇಪ್‌ರೆಕಾರ್ಡರ್ ರಿಪೇರಿ ಕಲಿತು ಬೆಟಗೇರಿಯಲ್ಲಿ ಒಂದು ಚಿಕ್ಕ ಅಂಗಡಿ ಇಟ್ಟುಕೊಂಡಿದ್ದೆ. ಗದಗ ಬೇರೆ ಜಿಲ್ಲೆಯಾದ ಮೇಲೆ ಒಂದೊಂದಾಗಿ ಕಚೇರಿಗಳು ಬಂದವು. ಅಂಗವಿಕಲರಿಗಾಗಿ ಎರಡು ಕೋಣೆಯ ಒಂದು ಕೇಂದ್ರವೂ ಶುರುವಾಯಿತು. ಅಲ್ಲಿಯವರೆಗೆ ಕಿವಿ ಕೇಳದವರು ಧಾರವಾಡಕ್ಕೋ ಹುಬ್ಬಳ್ಳಿಗೋ ಹೋಗಬೇಕಿತ್ತು. ಬೆಸುಗೆ ಹಾಕಲು ಬರುತ್ತದೆ, ಸಣ್ಣ ಕೆಲಸಕ್ಕೆ ಕೈ ನಡುಗುವುದಿಲ್ಲ ಎಂಬ ಎರಡೇ ಅರ್ಹತೆಯ ಮೇಲೆ ನನ್ನನ್ನು ತೆಗೆದುಕೊಂಡು ಒಂದು ವರ್ಷ ತರಬೇತಿಗೆ ಕಳಿಸಿದರು. ತಿರುಗಿ ಬಂದ ಮೇಲೆ ಜನ ನನ್ನನ್ನು 'ಕಿವಿ ಸಾಬ್ರು' ಎಂದು ಕರೆಯತೊಡಗಿದರು. ನಿವೃತ್ತಿಯಾಗಿ ಮನೆಯಲ್ಲಿ ಕೂತ ಮೇಲೂ ಆ ಹೆಸರು ಹೋಗಿಲ್ಲ.

ಆಗಿನ ಕಿವಿ ಮಷಿನು ಕಡ್ಡಿಪೆಟ್ಟಿಗೆಗಿಂತ ಸ್ವಲ್ಪ ದೊಡ್ಡದಿತ್ತು. ಅದನ್ನು ಎದೆಯ ಮೇಲಿನ ಕಿಸೆಯಲ್ಲಿ ಇಟ್ಟುಕೊಳ್ಳಬೇಕು. ಅದರಿಂದ ಒಂದು ವಾಯರು ಕಿವಿಗೆ ಹೋಗುತ್ತಿತ್ತು. ವಾಯರಿನ ತುದಿಯ ಗುಂಡಿ ಕಿವಿಯಲ್ಲಿ ಕೂರಬೇಕಾದರೆ ಆಯಾ ಕಿವಿಯದೇ ಅಚ್ಚು ಬೇಕು. ಕಿವಿಯೊಳಗೆ ದಾರ ಕಟ್ಟಿದ ಹತ್ತಿ ಇಟ್ಟು, ಮೆತ್ತನೆಯ ಲೇಪ ತುಂಬಿ, ಅದು ಗಟ್ಟಿಯಾದ ಮೇಲೆ ಹೊರತೆಗೆದು, ಅದರಿಂದ ಪ್ಲಾಸ್ಟಿಕ್ಕಿನ ಅಚ್ಚು ಮಾಡುವುದೇ ನನ್ನ ಕೆಲಸ. ಅಚ್ಚು ಕೂದಲೆಳೆಯಷ್ಟು ಸಡಿಲಾದರೂ ಮಷಿನು ಕುಂಯ್ ಎಂದು ಸಿಳ್ಳೆ ಹಾಕುತ್ತದೆ. ಒಬ್ಬನದೇ ಎಡಗಿವಿ ಬಲಗಿವಿ ಕೂಡ ಒಂದೇ ತೆರನಾಗಿರುವುದಿಲ್ಲ ಎಂಬುದು ನನಗೆ ಈ ಕೆಲಸಕ್ಕೆ ಬಂದ ಮೇಲೆಯೇ ಗೊತ್ತಾದದ್ದು.

ಮಷಿನನ್ನು ಹೇಗೆ ಬಳಸಬೇಕೆಂದು ನಾವು ಜನರಿಗೆ ಹೇಳುತ್ತಿದ್ದೆವು. ಜನ ನಮಗೆ ಬೇರೆಯೇ ಹೇಳಿಕೊಟ್ಟರು. ಮುಂಡರಗಿಯ ಒಬ್ಬ ರೈತ ಅದನ್ನು ರುಮಾಲಿನಲ್ಲಿ ಕಟ್ಟಿಕೊಂಡು ಬಂದಿದ್ದ. ಎದೆಯ ಮೇಲಿದ್ದರೆ ಅಂಗಿ ಉಜ್ಜುವ ಸದ್ದೇ ಹೆಚ್ಚು ಕೇಳುತ್ತದೆ, ತಲೆಯ ಮೇಲಿದ್ದರೆ ಜನರ ಮಾತು ಕೇಳುತ್ತದೆ ಎಂದು ಅವನೇ ಕಂಡುಕೊಂಡಿದ್ದ. ಡಂಬಳದ ಒಬ್ಬ ಅಜ್ಜಿಯ ಮಷಿನು ಬೆವರಿಗೆ ಕೆಟ್ಟು ಎರಡು ಸಲ ನನ್ನ ಮೇಜಿಗೆ ಬಂತು. ಮೂರನೆಯ ಸಲ ಬರಲೇ ಇಲ್ಲ. ವಿಚಾರಿಸಿದರೆ, ಆಕೆ ದಿನಾ ಮಲಗುವ ಮುಂಚೆ ಅದನ್ನು ಅಕ್ಕಿಯ ಡಬ್ಬಿಯಲ್ಲಿ ಹುಗಿದಿಡುತ್ತಿದ್ದಳು. ಅಕ್ಕಿ ಬೆವರನ್ನೆಲ್ಲ ಹೀರಿಕೊಳ್ಳುತ್ತಿತ್ತು. ಅಂದಿನಿಂದ ನಾನು ಹೋದ ಊರಲ್ಲೆಲ್ಲ ಇದನ್ನೇ ಹೇಳಿದೆ. ಒಣಗಿಸುವ ಪುಡಿಯ ಚೀಲಗಳು ನಮಗೆ ಬಂದದ್ದು ಎಷ್ಟೋ ವರ್ಷದ ಮೇಲೆ. ಸೊರಟೂರಿನ ಒಬ್ಬ ಅಜ್ಜ ಸಾವಿನ ಮನೆಗೆ ಹೋಗುವಾಗ ಮಾತ್ರ ಮಷಿನು ಹಾಕಿಕೊಳ್ಳುತ್ತಿದ್ದ. ಯಾಕೆಂದು ಕೇಳಿದರೆ, "ಉಳಿದದ್ದೆಲ್ಲಾ ಈ ಜಲ್ಮಕ್ಕ ಕೇಳಿ ಆಗೇತ್ರಿ. ಹೋದವರ ಬಗ್ಗೆ ಮಂದಿ ಏನಂತಾರ, ಅದೊಂದು ಕೇಳಬೇಕು" ಅಂದ.

ಬೆಟಗೇರಿಯಿಂದ ಬರುತ್ತಿದ್ದವರಲ್ಲಿ ಮಗ್ಗದವರೇ ಹೆಚ್ಚು. ವಿದ್ಯುತ್ ಮಗ್ಗದ ನಡುವೆ ಇಪ್ಪತ್ತು ಮೂವತ್ತು ವರ್ಷ ನಿಂತವರ ಕಿವಿ ನಿಧಾನವಾಗಿ ಹೋಗುತ್ತದೆ. ಹೋಗುವುದು ಅವರಿಗೇ ತಿಳಿಯುವುದಿಲ್ಲ, ಯಾಕೆಂದರೆ ಮಗ್ಗದ ಮುಂದೆ ಎಲ್ಲರೂ ಕೂಗಿಯೇ ಮಾತಾಡುತ್ತಾರೆ. ಈರಪ್ಪ ಎನ್ನುವ ನೇಕಾರನನ್ನು ಅವನ ಹೆಂಡತಿ ಕೈಹಿಡಿದು ಕರೆತಂದಿದ್ದಳು. ಅಚ್ಚು ಕೂರಿಸಿ, ಮಷಿನು ಶುರು ಮಾಡಿ, "ಈಗ ನೀವ ಏನರ ಮಾತಾಡ್ರಿ" ಎಂದು ಆಕೆಗೆ ಹೇಳಿದೆ. ಗಂಡನಿಗೆ ಮೊದಲು ಕೇಳುವ ಮಾತು ಮನೆಯವರದಿರಲಿ ಎಂಬುದು ನನ್ನ ಪದ್ಧತಿ.

ಆಕೆ ಹತ್ತಿರ ಬಂದು, "ಕೇಳತೈತೇನ್ರಿ?" ಎಂದಳು.

ಈರಪ್ಪ ಗಾಬರಿಯಾಗಿ ನನ್ನ ಕಡೆ ತಿರುಗಿದ. "ಸಾಬ್ರ, ಮಷಿನ್ಯಾಗ ಏನೋ ದೋಷ ಐತಿ. ಇದು ಈಕಿ ದನಿ ಅಲ್ಲ. ಈಕಿ ದನಿ ಭಾಳ ಸಣ್ಣದು. ಮದಿವ್ಯಾಗ ಹಾಡು ಹೇಳಾಕತ್ರ ಮಂದಿ ನಿಂತು ಕೇಳತಿದ್ರು."

ನಾನು ಮಷಿನು ತೆಗೆದು ನನ್ನ ಕಿವಿಗೆ ಇಟ್ಟುಕೊಂಡು ನೋಡಿದೆ. ಸರಿಯಾಗಿಯೇ ಇತ್ತು. ಅದು ಆಕೆಯದೇ ದನಿ. ಒಡೆದು, ಗೊಗ್ಗರಾಗಿ ಹೋಗಿತ್ತು.

"ದೋಷ ಇಲ್ರಿ" ಎಂದಳು ಆಕೆ, ನನಗೆ. "ಹದಿನೈದು ವರ್ಷ ಇವರಿಗೆ ಒದರಿ ಒದರಿ ಹಿಂಗ ಆಗೇತಿ."

ಈರಪ್ಪನಿಗೆ ಅದು ಕೇಳಿಸಿತು. ಮಷಿನು ಕಿಸೆಯಲ್ಲಿ ಇಟ್ಟುಕೊಂಡು ಹೋದ, ಆದರೆ ಮುಂದೆ ಅವನನ್ನು ಪೇಟೆಯಲ್ಲಿ ಕಂಡಾಗಲೆಲ್ಲ ಕಿವಿ ಬರಿದಾಗಿತ್ತು. ನಾನೂ ಒತ್ತಾಯ ಮಾಡಲಿಲ್ಲ. ನಾವು ದನಿಯನ್ನು ದೊಡ್ಡದು ಮಾಡಬಲ್ಲೆವು, ಹಳೆಯ ದನಿ ತಂದುಕೊಡಲಾರೆವು. ಆ ಎರಡರ ನಡುವಿನ ದೂರ ನನಗೆ ಆವತ್ತು ಅರ್ಥವಾಯಿತು.

ಈಗ ಆ ಕೂಸಿನ ವಿಷಯ.

ಕೇಂದ್ರದ ಮೊದಲ ಮುಖ್ಯಸ್ಥರು ಗಟ್ಟಿ ಧ್ವನಿಯ, ಅವಸರದ ಮನುಷ್ಯ. ಕೆಟ್ಟವರಲ್ಲ. ತಾಲೂಕು ತಾಲೂಕಿಗೆ ಶಿಬಿರ ನಡೆಯಬೇಕು, ಒಂದೇ ದಿನದಲ್ಲಿ ಬಂದವರನ್ನೆಲ್ಲ ನೋಡಿ ಮುಗಿಸಬೇಕು ಎಂಬುದು ಅವರ ಹಟ. ದೂರದ ಊರಿನವರನ್ನು ಎರಡು ಸಲ ಓಡಾಡಿಸಬಾರದು ಎನ್ನುತ್ತಿದ್ದರು, ಅದೂ ಸರಿಯೇ. ಆದರೆ ಕಿವಿಯ ಪರೀಕ್ಷೆಗೆ ಸದ್ದಿಲ್ಲದ ಕೋಣೆ ಬೇಕು. ನಮಗೆ ಸಿಗುತ್ತಿದ್ದದ್ದು ಪೆಂಡಾಲು, ಪಕ್ಕದಲ್ಲೇ ಧ್ವನಿವರ್ಧಕ. ಸಣ್ಣ ಮಕ್ಕಳನ್ನು ಹೇಗೆ ನೋಡುವುದು ಎಂದು ಕೇಳಿದಾಗ, "ಹಿಂದ ನಿಂತು ತಾಟು ಬಡಿ. ಕೂಸು ತಿರುಗಿ ನೋಡಿದ್ರ ಕೇಳತೈತಿ, ಇಲ್ಲಂದ್ರ ಇಲ್ಲ. ಇದಕ್ಕೇನು ದೊಡ್ಡ ವಿದ್ಯಾ ಬೇಕಾ?" ಎಂದಿದ್ದರು. ನಾನೂ ಹಾಗೇ ಮಾಡುತ್ತಿದ್ದೆ.

ಶಿರಹಟ್ಟಿಯ ಶಿಬಿರದಲ್ಲಿ ಮಕ್ಕಳ ಪರೀಕ್ಷೆಗೆ ಒಂದು ಶಾಲೆಯ ಹಿಂದಿನ ಪಡಸಾಲೆ ಕೊಟ್ಟಿದ್ದರು. ಮಧ್ಯಾಹ್ನ ಕಳೆದಿತ್ತು. ಅಡರಕಟ್ಟಿಯ ಶಾಂತವ್ವ ಎನ್ನುವ ಹೆಣ್ಣುಮಗಳು ವರ್ಷದ ಮೇಲೆ ಮೂರು ತಿಂಗಳ ಕೂಸನ್ನು ಎತ್ತಿಕೊಂಡು ಬಂದಳು. ಇಪ್ಪತ್ತರ ಆಸುಪಾಸಿನ ಹುಡುಗಿ ಆಕೆ, ಚೊಚ್ಚಲ ಕೂಸು. ಹೆಸರು ಗಿರಿಜಾ.

"ಸಾಹೇಬ್ರ, ಇದು ಮಲಗಿದ್ದಾಗ ಕೊಡಪಾನ ಬಿದ್ರೂ ಏಳಂಗಿಲ್ರಿ. ಮನ್ಯಾಗ ಎಲ್ಲಾರೂ ನನಗ ನಗತಾರ. ಕೂಸು ಶ್ಯಾಣೇ ಐತಿ, ನಿದ್ದಿ ಗಟ್ಟಿ ಅಂತಾರ. ನನಗ್ಯಾಕೋ ಸಂಶೆ ಬಂದೈತ್ರಿ."

ಅವಳನ್ನು ಗೋಡೆಗೆ ಮುಖ ಮಾಡಿ ಕೂರಿಸಿ, ಕೂಸನ್ನೂ ಅವಳ ತೊಡೆಯ ಮೇಲೆ ನನಗೆ ಬೆನ್ನು ಮಾಡಿ ಕೂರಿಸಿದೆ. ಹಿಂದೆ ನಿಂತು ಸ್ಟೀಲಿನ ತಾಟು ಎತ್ತಿ ಚಮಚೆಯಿಂದ ಬಡಿದೆ. ಗಿರಿಜಾ ತಿರುಗಿ ನೋಡಿತು. ಇನ್ನೊಮ್ಮೆ ಬಡಿದೆ. ಮತ್ತೆ ತಿರುಗಿ, ಈ ಸಲ ನಕ್ಕಿತು.

"ನೋಡ್ರಿ, ಕೇಳತೈತಿ" ಎಂದೆ. "ಕೆಲವು ಮಕ್ಕಳು ತಡಾ ಮಾಡಿ ಮಾತಾಡತಾವು. ಕಾಳಜಿ ಮಾಡಬ್ಯಾಡ್ರಿ."

"ಖರೆ ಏನ್ರಿ?"

"ಖರೆ ಅಂದ್ರ ಖರೆ."

ಶಾಂತವ್ವ ಕೂಸಿನ ಗಲ್ಲ ಮುದ್ದಿಸಿ, ಸೆರಗಿನಿಂದ ತನ್ನ ಮುಖ ಒರೆಸಿಕೊಂಡು ನಕ್ಕಳು. ನಾನು ಮುಂದಿನ ಹೆಸರು ಕೂಗಿದೆ. ಇಡೀ ಪರೀಕ್ಷೆಗೆ ಒಂದು ಚಹಾ ಕುಡಿಯುವಷ್ಟು ಹೊತ್ತೂ ಹಿಡಿದಿರಲಿಲ್ಲ.

ಅದಾಗಿ ಮೂರು ವರ್ಷ ಕಳೆದ ಮೇಲೆ ನಮ್ಮ ಕೇಂದ್ರಕ್ಕೆ ವಿಜಯಾ ಮೇಡಂ ಎನ್ನುವ ಶ್ರವಣ ತಜ್ಞೆ ಬಂದರು. ನನಗಿಂತ ವಯಸ್ಸಿನಲ್ಲಿ ಸಣ್ಣವರು, ಮೃದು ಮಾತು. ಮೊದಲ ವಾರವೇ ನನ್ನ ತಾಟು ಚಮಚೆ ತೆಗೆಸಿ ಕಪಾಟಿಗೆ ಹಾಕಿಸಿದರು. ಆಮೇಲೆ ನನ್ನನ್ನೇ ಕುರ್ಚಿಯ ಮೇಲೆ ಕೂರಿಸಿ, ಕಿವಿಗೆ ಗಟ್ಟಿಯಾಗಿ ಹತ್ತಿ ತುಂಬಿ, ಹಿಂದೆ ನಿಂತರು. ನಾನು ತಿರುಗಿ ನೋಡಿದೆ. "ಏನು ಕೇಳಿಸಿತು?" ಎಂದು ಹತ್ತಿ ತೆಗೆದು ಕೇಳಿದರು. ಏನೂ ಕೇಳಿಸಿರಲಿಲ್ಲ. ಅವರು ಕೈ ಎತ್ತಿದಾಗ ಗೋಡೆಯ ಮೇಲೆ ನೆರಳು ಆಡಿತ್ತು, ನಾನು ಅದಕ್ಕೆ ತಿರುಗಿದ್ದೆ.

"ಕಿವಿ ಕೇಳದ ಮಗುವಿಗೆ ಕಣ್ಣು ನಮ್ಮ ಕಣ್ಣಿಗಿಂತ ಚುರುಕಾಗಿರುತ್ತದೆ ನದಾಫ್ ಅವರೆ. ನೆರಳಿಗೆ ತಿರುಗುತ್ತದೆ, ಗಾಳಿಗೆ ತಿರುಗುತ್ತದೆ, ನೆಲ ಅದುರಿದರೆ ತಿರುಗುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ, ತಾಯಿಯ ಮುಖ ನೋಡಿ ತಿರುಗುತ್ತದೆ" ಎಂದರು.

ನನಗೆ ತಕ್ಷಣ ಯಾವ ಕೂಸಿನ ನೆನಪೂ ಆಗಲಿಲ್ಲ. ತಾಟು ಬಡಿದು ಕಳಿಸಿದ ಮಕ್ಕಳು ಒಂದೆರಡಲ್ಲ. ಅವರನ್ನು ಹುಡುಕಿಸಿ ಮತ್ತೆ ಕರೆಸಬೇಕು ಎಂದು ನಾನು ಆವತ್ತೇ ಹೇಳಬೇಕಾಗಿತ್ತು, ಹೇಳಲಿಲ್ಲ. ಮರೆತೆ ಎಂದು ಬರೆದರೆ ಸುಳ್ಳಾಗುತ್ತದೆ. ಹೇಳಿದರೆ ನನ್ನ ಮರ್ಯಾದೆ ಹೋಗುತ್ತದೆ ಎಂದು ಸುಮ್ಮನಿದ್ದೆ.

ಮರು ವರ್ಷ ಶಾಂತವ್ವ ತಾನಾಗಿಯೇ ಬಂದಳು. ಗಿರಿಜಾಳಿಗೆ ಐದು ತುಂಬುತ್ತಾ ಬಂದಿತ್ತು, ಒಂದು ಮಾತೂ ಬಂದಿರಲಿಲ್ಲ. ಶಾಲೆಗೆ ಸೇರಿಸಲು ಹೋದಾಗ ಮಾಸ್ತರರು ಇಲ್ಲಿಗೆ ಕಳಿಸಿದ್ದರು. ಮೇಡಂ ಮಷಿನಿನಲ್ಲಿ ಪರೀಕ್ಷೆ ಮಾಡಿದರು. ಎರಡೂ ಕಿವಿ ಹುಟ್ಟಿನಿಂದಲೇ ಪೂರಾ ಮಂದ.

"ಮೊದಲು ಎಲ್ಲೂ ತೋರಿಸಿರಲಿಲ್ಲವೇನಮ್ಮಾ?"

ಶಾಂತವ್ವ ಮೂಲೆಯಲ್ಲಿ ನಿಂತಿದ್ದ ನನ್ನ ಕಡೆ ನೋಡಿದಳು. ಗುರುತು ಹಿಡಿದಳು, ಅದರಲ್ಲಿ ಸಂಶಯವೇ ಇಲ್ಲ. "ಸಣ್ಣಾಕಿದ್ದಾಗ ಶಿಬಿರದಾಗ ತೋರಿಸಿದ್ನಿರಿ" ಎಂದಳು. "ಯಾರು ನೋಡಿದ್ರೋ ನೆಪ್ಪಿಲ್ರಿ."

ಮೇಡಂ ನನ್ನ ಮುಖ ನೋಡಿದರು. ತಾಯಿ ಮಗಳು ಹೋದ ಮೇಲೆ ಒಂದೇ ಮಾತು ಹೇಳಿದರು. "ಮಾತು ಕಲಿಯಲು ಒಂದು ವಯಸ್ಸಿದೆ. ಈ ಮಗುವಿಗೆ ಅದು ಹೆಚ್ಚುಕಡಿಮೆ ಮುಗಿದಿದೆ. ನಾವು ಪ್ರಯತ್ನ ಮಾಡೋಣ."

ಗಿರಿಜಾಳ ಅಚ್ಚು ನಾನೇ ತೆಗೆದೆ. ಅಷ್ಟು ಶ್ರದ್ಧೆಯಿಂದ ಜೀವನದಲ್ಲಿ ಇನ್ನೊಂದು ಅಚ್ಚು ಮಾಡಿಲ್ಲ. ಎರಡು ಸಲ ನಯ ಮಾಡಿ, ನನ್ನ ಗಲ್ಲಕ್ಕೆ ಒತ್ತಿ ನೋಡಿದೆ, ಎಲ್ಲಿಯೂ ಚುಚ್ಚುವಂತಿರಲಿಲ್ಲ. ಮಷಿನು ಕಿವಿಗೆ ಬಂದ ದಿನ ಆಕೆ ಬೆಚ್ಚಿಬಿದ್ದು ವಾಯರು ಹರಿದಳು. ಆಕೆಗೆ ಅದು ಬರೀ ಗದ್ದಲ. ಯಾವ ಸದ್ದಿಗೆ ಏನು ಅರ್ಥ ಎಂದು ಕಲಿಯುವ ವರ್ಷಗಳು ಹೋಗಿಬಿಟ್ಟಿದ್ದವು.

ವಾರಕ್ಕೊಮ್ಮೆ ಶಾಂತವ್ವ ಅಡರಕಟ್ಟಿಯಿಂದ ಲಕ್ಷ್ಮೇಶ್ವರಕ್ಕೆ, ಅಲ್ಲಿಂದ ಗದಗಿಗೆ ಬಸ್ಸು ಹಿಡಿದು ಬರುತ್ತಿದ್ದಳು. ಮಗಳಿಗೆ ಮಾತು ಕಲಿಸುವ ಅಭ್ಯಾಸ ನಡೆಯುತ್ತಿತ್ತು. ಆ ಕಾಲಕ್ಕೆ ನಮ್ಮಲ್ಲಿ ಒಂದು ನಿಯಮ ಇತ್ತು: ಕೈಸನ್ನೆ ಮಾಡಿದರೆ ಮಗು ಮಾತಿನ ಕಡೆ ಬರುವುದಿಲ್ಲ, ಆದ್ದರಿಂದ ಮನೆಯವರು ಸನ್ನೆ ಮಾಡಬಾರದು. ತಾಯಂದಿರಿಗೆ ಇದನ್ನು ಹೇಳುವುದು ನನ್ನ ಪಾಲಿನ ಕೆಲಸ. ಶಾಂತವ್ವನಿಗೂ ಹೇಳಿದೆ. ಆಕೆ ಅದನ್ನು ಎಷ್ಟು ಗಟ್ಟಿಯಾಗಿ ಹಿಡಿದಳೆಂದರೆ, ಮಗಳ ಮುಂದೆ ಕೂತಾಗ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು, ಬಾಯಿ ಅಗಲಿಸಿ, "ಅವ್ವ... ಅವ್ವ..." ಎನ್ನುತ್ತಿದ್ದಳು. ಗಿರಿಜಾ ಅವಳ ಬೆನ್ನ ಹಿಂದೆ ಹೋಗಿ ಆ ಕೈಗಳನ್ನು ಹುಡುಕುತ್ತಿದ್ದಳು. ಎರಡು ವರ್ಷದ ಕೊನೆಗೆ "ಅಬ್ಬ" ಎಂಬ ಒಂದು ಶಬ್ದ ಬಂತು. ಅದರಾಚೆ ಹೋಗಲಿಲ್ಲ.

ಆಕೆಗೆ ಏಳು ವರ್ಷವಾದಾಗ ದೂರದ ಊರಿನ ಕಿವುಡ ಮಕ್ಕಳ ಶಾಲೆಗೆ ಸೇರಿಸಿದರು. ಹಾಸ್ಟೆಲಿನಲ್ಲಿ ಬಿಟ್ಟು ಬರುವ ಹಿಂದಿನ ವಾರ ಶಾಂತವ್ವ ನನ್ನನ್ನು ಕೇಳಿದ್ದಳು: "ಸಾಹೇಬ್ರ, ನಾ ತಿರುಗಿ ಬರತೇನಿ, ದೀಪಾವಳಿಗೆ ಕರಕೊಂಡು ಹೋಗತೇನಿ ಅಂತ ಆಕಿಗೆ ಹೆಂಗ ಹೇಳಲಿ?" ಏಳು ವರ್ಷದ ಮಗಳಿಗೂ ತಾಯಿಗೂ ನಡುವೆ ಉಣ್ಣು, ಮಲಗು, ಬಾ, ಬೇಡ ಎನ್ನುವುದಕ್ಕಿಂತ ಹೆಚ್ಚಿನ ಭಾಷೆ ಇರಲಿಲ್ಲ. 'ನಾಳೆ' ಎನ್ನುವುದನ್ನು ಕೂಡ ಹೇಳುವಂತಿರಲಿಲ್ಲ.

ಮುಂದೆ ನಮ್ಮ ಕೆಲಸ ಬಹಳ ಬದಲಾಯಿತು. ವಾಯರಿನ ಮಷಿನು ಹೋಗಿ ಕಿವಿಯ ಹಿಂದೆ ಕೂರುವ ಸಣ್ಣ ಮಷಿನು ಬಂತು. ತಿರುಪು ತಿರುಗಿಸಿ ಸದ್ದು ಹೊಂದಿಸುತ್ತಿದ್ದ ನಾನು ಕಂಪ್ಯೂಟರಿನ ಮುಂದೆ ಕೂತು ಹೊಂದಿಸಲು ಕಲಿತೆ. ಕನ್ನಡಕದ ಜೊತೆ, ಮೊಬೈಲಿನ ಜೊತೆ ಸೇರಿಕೊಳ್ಳುವ ಮಷಿನುಗಳೂ ಬಂದವು.

ಅವುಗಳಲ್ಲಿ ನನ್ನನ್ನು ಅಲ್ಲಾಡಿಸಿದ್ದು ಎಳೆ ಕೂಸುಗಳ ಪರೀಕ್ಷೆಯ ಯಂತ್ರ. ಅಂಗೈಯಲ್ಲಿ ಹಿಡಿಯುವಷ್ಟು ಸಣ್ಣದು. ಹುಟ್ಟಿ ಎರಡು ದಿನವಾದ ಕೂಸು ನಿದ್ದೆ ಮಾಡುತ್ತಿರುವಾಗಲೇ ಅದರ ಕಿವಿಗೆ ಮೆತ್ತನೆಯ ತುದಿ ಇಡುತ್ತಾರೆ. ಯಂತ್ರ ಒಂದು ಸಣ್ಣ ಸದ್ದು ಕಳಿಸುತ್ತದೆ. ಕಿವಿ ಸರಿಯಿದ್ದರೆ ಆ ಕಿವಿ ತಾನೇ ಒಂದು ಅತಿ ಸಣ್ಣ ಸದ್ದನ್ನು ಹಿಂದಕ್ಕೆ ಕಳಿಸುತ್ತದೆ. ಕಿವಿ ಕೇಳುವುದಷ್ಟೇ ಅಲ್ಲ, ತಾನೂ ದನಿ ಮಾಡುತ್ತದೆ ಎಂಬ ವಿಷಯ ಕೇಳಿ ನಾನು ಬೆರಗಾದೆ. ಕೂಸು ತಿರುಗಬೇಕಾಗಿಲ್ಲ, ನಗಬೇಕಾಗಿಲ್ಲ, ಯಾವನೋ ಅವಸರದ ಮನುಷ್ಯ ಅದರ ಮುಖ ನೋಡಿ ತೀರ್ಮಾನ ಕೊಡಬೇಕಾಗಿಲ್ಲ. ವಿಜಯಾ ಮೇಡಂ ಮೊದಲ ಕೂಸಿಗೆ ಅದನ್ನು ಹಿಡಿದು, ಫಲಿತಾಂಶ ಬಂದಾಗ, "ನೋಡಿ ನದಾಫ್ ಅವರೆ, ಇಷ್ಟೇ ಹೊತ್ತು" ಎಂದರು. ನಾನು ನೋಡಿದೆ. ಆಮೇಲೆ ಹೊರಗೆ ಹೋಗಿ ನಲ್ಲಿಯ ಹತ್ತಿರ ಸುಮಾರು ಹೊತ್ತು ನಿಂತೆ. ಮೇಡಂ ನನ್ನನ್ನು ಕರೆಯಲು ಯಾರನ್ನೂ ಕಳಿಸಲಿಲ್ಲ.

ನಿವೃತ್ತಿಯಾಗಿ ಕೆಲವು ತಿಂಗಳಾದ ಮೇಲೆ ಒಂದು ದಿನ ಬೆಳಿಗ್ಗೆ ಲಕ್ಷ್ಮೇಶ್ವರದ ಬಸ್ಸು ಹತ್ತಿದೆ. ಗಿರಿಜಾ ಅಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದಾಳೆ, ತಾಯಿಯೂ ದಿನಾ ಜೊತೆಗೆ ಬರುತ್ತಾಳೆ ಎಂದು ಕೇಳಿದ್ದೆ. ಬೇರೆ ಕೆಲಸವೇನೂ ನನಗೆ ಅಲ್ಲಿರಲಿಲ್ಲ.

ಪೇಟೆಯ ಹಿಂದಿನ ಓಣಿಯಲ್ಲಿ ಒಂದೇ ಕೋಣೆಯ ಅಂಗಡಿ. ಶಾಂತವ್ವ ಬಾಗಿಲ ಬಳಿ ಕೂತು ಜಂಪರಿಗೆ ಹುಕ್ಕು ಹಚ್ಚುತ್ತಿದ್ದಳು. ತಲೆ ಅರ್ಧ ಬೆಳ್ಳಗಾಗಿತ್ತು. "ಕಿವಿ ಸಾಬ್ರು ಬಂದ್ರಲಾ! ಬರ್ರಿ, ಕುಂಡ್ರಿ" ಎಂದು ಎದ್ದಳು. ಒಳಗೆ ಹೊಲಿಗೆ ಮಷಿನಿನ ಮುಂದೆ ಗಿರಿಜಾ. ಎತ್ತರದ, ಗಂಭೀರ ಮುಖದ ಹೆಣ್ಣುಮಗಳಾಗಿದ್ದಳು. ಕಿವಿಯಲ್ಲಿ ಯಾವ ಮಷಿನೂ ಇರಲಿಲ್ಲ. ನನ್ನನ್ನು ಗುರುತಿಸಿ ಕೈ ಮುಗಿದು, ಮತ್ತೆ ಹೊಲಿಗೆಗೆ ಬಗ್ಗಿದಳು.

ಅಷ್ಟರಲ್ಲಿ ಆಕೆ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ಮೊಬೈಲು ನಡುಗಿರಬೇಕು. ತೆಗೆದು, ಬಟ್ಟೆಯ ಗಂಟಿಗೆ ಆನಿಸಿ ನಿಲ್ಲಿಸಿದಳು. ಪರದೆಯ ಮೇಲೆ ಇನ್ನೊಬ್ಬ ಹೆಣ್ಣುಮಗಳು. ಗಿರಿಜಾಳ ಎರಡೂ ಕೈ ಮೇಲೆದ್ದವು. ಇಷ್ಟು ವರ್ಷ ಈ ಕೆಲಸದಲ್ಲಿದ್ದ ನಾನು ಅಂಥ ಮಾತುಗಾರಿಕೆ ನೋಡಿರಲಿಲ್ಲ. ಹುಬ್ಬು, ಕಣ್ಣು, ಭುಜ, ಬೆರಳು ಎಲ್ಲವೂ ಮಾತಾಡುತ್ತಿದ್ದವು. ಯಾರನ್ನೋ ಅಣಕಿಸಿ ನಕ್ಕಳು. ಯಾವುದಕ್ಕೋ ವಾದಕ್ಕೆ ನಿಂತಳು.

"ಆಕಿ ರೇಣುಕಾರಿ, ಮುಂಡರಗ್ಯಾಕಿ. ಇಬ್ಬರೂ ಒಂದ ಸಾಲ್ಯಾಗ ಇದ್ರು" ಎಂದಳು ಶಾಂತವ್ವ. "ದಿನಾ ಹಿಂಗ ತಾಸಗಟ್ಟಲೆ ಮಾತಾಡತಾರ. ಈ ಫೋನ್ ಬಂದ ಮ್ಯಾಲೆ ನನಗ ಗೊತ್ತಾತ್ರಿ, ನನ್ನ ಮಗಳು ಇಷ್ಟು ಮಾತಿನ ಮಲ್ಲಿ ಅಂತ. ಒಂದೂ ನನಗ ತಿಳಿಯಂಗಿಲ್ಲ."

ಅವಳು ನಗುತ್ತಲೇ ಹೇಳಿದಳು. ನಾನು ಎಷ್ಟೋ ವರ್ಷದಿಂದ ಕಟ್ಟಿಟ್ಟುಕೊಂಡಿದ್ದ ಮಾತು ಆಗ ಹೊರಬಂತು.

"ಶಾಂತವ್ವಾ, ಶಿರಹಟ್ಟಿಯೊಳಗ ತಾಟು ಬಡಿದು ನೋಡಿದವ ನಾನು. ಆಕಿ ನನ್ನ ಕೈ ನೆಳ್ಳಿಗೆ ತಿರುಗಿದ್ಲು. ನಾ ಕೇಳತೈತಿ ಅಂತ ಹೇಳಿ ಕಳಿಸಿದೆ. ಆಮ್ಯಾಲೆ ಕೈಸನ್ನಿ ಮಾಡಬ್ಯಾಡ ಅಂತ ಹೇಳಿದವನೂ ನಾನ. ಎರಡೂ ತಪ್ಪು."

ಶಾಂತವ್ವ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟಳು. "ಗೊತ್ತೈತ್ರಿ" ಎಂದಳು. "ನೆಳ್ಳಿಗೆ ತಿರುಗಿದ್ದು ನಾನೂ ನೋಡಿದ್ನಿ. ನೆಳ್ಳು ನನ್ನ ಮುಂದ ಗ್ವಾಡಿ ಮ್ಯಾಲೆ ಬಿದ್ದಿತ್ತು. ಆದ್ರ ನೀವು ಕೇಳತೈತಿ ಅಂದ್ರಿ. ನನಗ ಆ ಮಾತು ಬೇಕಾಗಿತ್ರಿ, ತಗೊಂಡು ಹೋದ್ನಿ. ತಪ್ಪು ನಿಮ್ಮದೊಂದ ಅಲ್ಲ."

ನನ್ನ ಭಾರ ಇಳಿಸಲು ಆಕೆ ಅರ್ಧ ತಪ್ಪನ್ನು ತಾನೇ ಹೊತ್ತುಕೊಳ್ಳುತ್ತಿದ್ದಳು. ಆವತ್ತಿನ ಆ ಇಪ್ಪತ್ತರ ತಾಯಿ ನನ್ನ ಮಾತನ್ನು ನಂಬಿದ್ದು ತಪ್ಪಲ್ಲ ಎಂದು ಹೇಳಲು ಹೋದೆ, ಅಳು ಬಂತು. ಇಬ್ಬರೂ ಕಣ್ಣು ಒರೆಸಿಕೊಂಡೆವು.

ಗಿರಿಜಾ ಅದನ್ನು ನೋಡಿಬಿಟ್ಟಳು. ಎದ್ದು ಬಂದು ತಾಯಿಯ ಗಲ್ಲ ಹಿಡಿದು, ಏನು ಎಂದು ಕೈಯಲ್ಲೇ ಕೇಳಿದಳು. ಶಾಂತವ್ವ 'ಏನಿಲ್ಲ' ಎಂದು ಕೈ ಆಡಿಸಿದಳು. ಗಿರಿಜಾಳ ಮುಖ ಕೆಂಪಾಯಿತು. ತಾಯಿಯ ಆ 'ಏನಿಲ್ಲ'ವನ್ನೇ ತಾನೂ ಮಾಡಿ ತೋರಿಸಿದಳು, ಒಂದಲ್ಲ, ನಾಲ್ಕು ಸಲ. ಹುಟ್ಟಿದಾಗಿನಿಂದ ಇದೊಂದನ್ನೇ ನೋಡಿದ್ದೇನೆ ಎಂದು ಆಕೆ ಹೇಳುತ್ತಿರುವುದು ಸನ್ನೆ ಬಾರದ ನನಗೂ ತಿಳಿಯಿತು. ಆಮೇಲೆ ಮೊಬೈಲಿನಲ್ಲಿದ್ದ ರೇಣುಕಾಳಿಗೆ ಏನೋ ಹೇಳಿದಳು. ರೇಣುಕಾ ಎದ್ದು ಹೋಗಿ ಹದಿನೆಂಟರ ಒಬ್ಬ ಹುಡುಗಿಯನ್ನು ಕರೆತಂದಳು.

"ಅಂಕಲ್, ನಾನು ರೇಣುಕಾನ ತಂಗಿ ಸವಿತಾ. ನನಗ ಕಿವಿ ಕೇಳತೈತ್ರಿ, ಅಕ್ಕನ ಭಾಷಾನೂ ಬರತೈತಿ. ನೀವಿಬ್ಬರೂ ಏನು ಮಾತಾಡಿದ್ರಿ ಅಂತ ಗಿರಿಜಕ್ಕ ಕೇಳಾಕತ್ತಾಳ. ಖರೆ ಹೇಳಬೇಕಂತ."

ನಾನು ಹೇಳಿದೆ. ಶಿಬಿರ, ತಾಟು, ನೆರಳು, ಕಳೆದುಹೋದ ವರ್ಷಗಳು, ಕೈಸನ್ನೆಯ ನಿಯಮ, ಗೊತ್ತಾದ ಮೇಲೂ ನಾನು ಬಾಯಿ ಮುಚ್ಚಿಕೊಂಡಿದ್ದು. ಸವಿತಾ ಒಂದೊಂದನ್ನೂ ಕೈಯಲ್ಲಿ ಹೇಳುತ್ತಾ ಹೋದಳು. ಗಿರಿಜಾ ಪರದೆಯಿಂದ ಕಣ್ಣು ತೆಗೆಯಲಿಲ್ಲ. ಮುಗಿದ ಮೇಲೆ ಒಂದು ಪ್ರಶ್ನೆ ಕೇಳಿದಳು.

"ಈಗಿನ ಕೂಸುಗಳಿಗೆ ಹಂಗ ಆಗತೈತೇನು ಅಂತ ಕೇಳತಾಳ್ರಿ."

"ಆಗಬಾರದು. ಹುಟ್ಟಿದ ಕೂಡಲೇ ನೋಡೋ ಯಂತ್ರ ಬಂದೈತಿ."

ಗಿರಿಜಾ ತಲೆಯಾಡಿಸಿದಳು. ಕೈಗಳು ನಿಧಾನವಾಗಿ ಆಡಿದವು. ಸವಿತಾ ಹೇಳಲು ಸ್ವಲ್ಪ ಅನುಮಾನಿಸಿದಳು.

"ಛಲೋ ಆತು ಅಂತಾಳ್ರಿ. ಆದ್ರ... ನನಗ ಸಿಟ್ಟು ಬಂದೈತಿ, ಜಲ್ದಿ ಹೋಗಂಗಿಲ್ಲ, ಇವತ್ತ ಬಂದು ಹೇಳಿದ್ರ ಇವತ್ತ ಹೋಗಂಗಿಲ್ಲ ಅಂತಾಳ್ರಿ ಅಂಕಲ್."

"ಆಕಿ ಹೇಳೋದು ಸರಿ ಐತವ್ವಾ" ಎಂದೆ. ಅದನ್ನೂ ಸವಿತಾ ಅವಳಿಗೆ ತಿಳಿಸಿದಳು.

ಶಾಂತವ್ವ ಅಷ್ಟು ಹೊತ್ತೂ ಬಾಯಿ ತೆರೆದುಕೊಂಡು ಪರದೆಯನ್ನೇ ನೋಡುತ್ತಿದ್ದಳು. ಈಗ ಮೆಲ್ಲಗೆ ಮುಂದೆ ಬಂದಳು.

"ಯವ್ವಾ ಸವಿತಾ, ನಾ ಹೇಳಿದ್ದೂ ಆಕಿಗೆ ಮುಟ್ಟಿಸ್ತೀ ಏನು?"

"ಮುಟ್ಟಿಸ್ತೀನ್ರಿ ಅಮ್ಮಾ, ಹೇಳ್ರಿ."

"ಸಣ್ಣಾಕಿದ್ದಾಗ ಹಾಸ್ಟೆಲಿಗೆ ಬಿಟ್ಟು ಬಂದ್ನೆಲ್ಲಾ... ನಾ ತಿರುಗಿ ಬರತೇನಿ ಅಂತ ಹೇಳಾಕ ಆಗಲಿಲ್ಲ. ಆವತ್ತ ಏನು ತಿಳಕೊಂಡಿದ್ಲು ಅಂತ ಕೇಳವ್ವಾ."

ಗಿರಿಜಾ ತಾಯಿಯನ್ನು ಒಮ್ಮೆ ನೋಡಿದಳು. ಆಮೇಲೆ ಬಹಳ ಹೊತ್ತು ಹೇಳಿದಳು. ಸವಿತಾಳ ದನಿ ಸಣ್ಣದಾಗುತ್ತಾ ಹೋಯಿತು.

"ನೀವು ಸತ್ತು ಹೋಗೀರಿ ಅಂತ ತಿಳಕೊಂಡಿದ್ಲಂತ್ರಿ. ಅವರ ಓಣ್ಯಾಗ ಯಾರೋ ಸತ್ತಾಗ ಎಲ್ಲಾರೂ ಅತ್ತಿದ್ರಂತ, ಆಮ್ಯಾಲೆ ಅವರು ಮತ್ತ ಕಾಣಲಿಲ್ಲಂತ. ನೀವೂ ಆವತ್ತ ಅತ್ತಿದ್ರಿ, ಆಮ್ಯಾಲೆ ಕಾಣಲಿಲ್ಲ. ಹಿಂಗಾಗಿ ಹಂಗ ಅಂದುಕೊಂಡ್ಲಂತ. ದೀಪಾವಳಿಗೆ ನೀವು ಬಂದಾಗ, ಈಕಿ ಅವ್ವನಂಗ ಕಾಣೋ ಬ್ಯಾರೆ ಯಾರೋ ಅಂತ ಹತ್ತಿರ ಬರಲಿಲ್ಲಂತ. ನಿಮ್ಮ ಕೈ ಮೂಸಿ ನೋಡಿದ ಮ್ಯಾಲೆ ಗೊತ್ತಾತಂತ್ರಿ."

ಶಾಂತವ್ವ ಗೋಡೆಗೆ ಒರಗಿ ಕೂತಳು. ಆ ದೀಪಾವಳಿಯಲ್ಲಿ ಮಗಳು ತನ್ನನ್ನು ಕಂಡೂ ದೂರ ನಿಂತದ್ದನ್ನು ಆಕೆ ಇಷ್ಟು ವರ್ಷ ಸಿಟ್ಟು ಎಂದೇ ತಿಳಿದಿದ್ದಳಂತೆ. ಅದನ್ನು ನನಗೆ ಹೇಳಿದಳು, ಮತ್ತೆ ತನಗೆ ತಾನೇ ಹೇಳಿಕೊಂಡಳು. ಗಿರಿಜಾ ಬಂದು ಪಕ್ಕದಲ್ಲಿ ಕೂತು, ಮೊಬೈಲನ್ನು ಇಬ್ಬರಿಗೂ ಕಾಣುವಂತೆ ತೊಡೆಯ ಮೇಲೆ ಹಿಡಿದುಕೊಂಡಳು.

ನಾನು ಎದ್ದು ಚಪ್ಪಲಿ ಮೆಟ್ಟಿಕೊಂಡೆ. ಅವರಿಬ್ಬರೂ ನನ್ನ ಕಡೆ ನೋಡಲಿಲ್ಲ. ಓಣಿಗೆ ಇಳಿಯುವಾಗ ಒಳಗಿನಿಂದ ಸವಿತಾ ಕೇಳಿದ್ದು ಕಿವಿಗೆ ಬಿತ್ತು.

"ಅಮ್ಮಾ, ಇನ್ನೇನರ ಕೇಳೋದೈತೇನ್ರಿ?"

"ಐತವ್ವಾ" ಎಂದಳು ಶಾಂತವ್ವ. "ಭಾಳ ಐತಿ. ನೀ ಫೋನ್ ಇಡಬ್ಯಾಡ."